ಹಾಲಗವಿಯ ಬಾಯಲ್ಲಿ ಉಳಿದ ಒಂದು ಕಲ್ಲು

ಮೂಡಲು ಇನ್ನೂ ಸರಿಯಾಗಿ ಕೆಂಪೇರಿಲ್ಲ. ರಾತ್ರಿಯೆಲ್ಲ ಅಲೆದು ಬಂದ ಬಾವಲಿಗಳು ಒಂದೊಂದಾಗಿ ಹಾಲಗವಿಯೊಳಗೆ ನುಗ್ಗುತ್ತಿವೆ. ಅವುಗಳ ಹಿಂದೆಯೇ ಎಡಗೈಯಲ್ಲಿ ದೀವಟಿಗೆ, ಸೊಂಟದ ಮೇಲೆ ಒಲೆಯ ಬೂದಿ ತುಂಬಿದ ಬುಟ್ಟಿ ಹಿಡಿದು ಬೀರವ್ವ ಒಳಗೆ ಹೋಗುತ್ತಾಳೆ. ಸೀರೆಯ ಕಚ್ಚೆ ಬಿಗಿದಿದ್ದಾಳೆ, ಕಾಲಲ್ಲಿ ಏನೂ ಇಲ್ಲ. ಇದು ಸುಣ್ಣದ ಕಲ್ಲಿನ ಗವಿ. ಮೇಲಿನಿಂದ ಹನಿ ಬಿದ್ದು ನೆಲ ಎಲ್ಲಿ ನುಣುಪಾಗಿದೆಯೋ ಅಲ್ಲಿ ಒಂದು ಹಿಡಿ ಬೂದಿ ಚೆಲ್ಲುತ್ತಾಳೆ. ನಿನ್ನೆ ಒಣಗಿದ್ದ ಜಾಗ ಇಂದು ಜಾರುತ್ತದೆ, ಇಂದು ಜಾರಿದ್ದು ನಾಳೆ ಒಣಗಿರುತ್ತದೆ. ಹಾಗಾಗಿ ಈ ಕೆಲಸಕ್ಕೆ ರಜೆಯಿಲ್ಲ. ನೋಡಲು ಬರುವ ಮಂದಿಗೆ ಕಾಲಡಿಯ ಬೂದಿ ಕಾಣುವುದಿಲ್ಲ, ಅವರ ಕಣ್ಣೆಲ್ಲ ಹಸುವಿನ ಕೆಚ್ಚಲಿನಂತೆ ಮೇಲಿನಿಂದ ಇಳಿಬಿದ್ದ ಬಿಳಿಯ ಕಲ್ಲುಗಳ ಮೇಲೆ. ಕಾಣದಿದ್ದರೂ ಪರವಾಗಿಲ್ಲ, ಜಾರಿ ಬೀಳದಿದ್ದರೆ ಸಾಕು ಎನ್ನುತ್ತಾಳೆ ಬೀರವ್ವ.

ಕಟಕೋಳದಿಂದ ಹೊಳೆಯ ಕಡೆ ಇಳಿದರೆ, ಮಲಪ್ರಭೆ ಒಂದು ಗುಡ್ಡವನ್ನು ಬಳಸಿಕೊಂಡು ತಿರುಗುವಲ್ಲಿ ಈ ಗವಿ ಇದೆ. ಆಚೆ ದಂಡೆಯಿಂದ ಬರುವವರು ಅಂಬಿಗ ಮುದಕಪ್ಪನ ಹರಗೋಲಿನಲ್ಲಿ ಕುಳಿತು ದಾಟಬೇಕು. ಸಂಕ್ರಾಂತಿಯ ಹೊತ್ತಿಗೆ ನೀರು ತಿಳಿಯಾಗಿ ತಳದ ಮರಳು ಕಾಣುತ್ತದೆ. ಸಿರಸಂಗಿ, ಸವದತ್ತಿಯವರಷ್ಟೇ ಅಲ್ಲ, ಬೈಲಹೊಂಗಲ, ಕಿತ್ತೂರಿನವರೂ ಚಕ್ಕಡಿ ಹೂಡಿಕೊಂಡು ಬರುತ್ತಾರೆ. ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾದ ಹೋಳಿಗೆಯ ಬುತ್ತಿ ಬಿಚ್ಚಿ ಉಂಡ ಮೇಲೆ ಎಲ್ಲರ ಕಾಲೂ ಗವಿಯ ಕಡೆಗೆ ತಿರುಗುತ್ತವೆ. ಸಾದಾ ದಿನ ಹತ್ತು ಹನ್ನೆರಡು ಜನ, ಅಮಾವಾಸ್ಯೆಗೆ ನಲವತ್ತು, ಸಂಕ್ರಾಂತಿಗೆ ಮುನ್ನೂರು ದಾಟುತ್ತದೆ. ಈ ಲೆಕ್ಕ ಮುದಕಪ್ಪನದು, ಬೀರವ್ವನದಲ್ಲ.

ಬೀರವ್ವನ ಲೆಕ್ಕವೇ ಬೇರೆ. ಒಳಗೆ ಹೋಗುವವರೆಲ್ಲ ಗವಿಯ ಬಾಯಲ್ಲಿ ಕೆರ ಬಿಡಬೇಕು. ಬರಿಗಾಲಲ್ಲಿ ಬಂದವರು ಹೊಳೆದಂಡೆಯಿಂದ ಒಂದು ಗುಂಡುಕಲ್ಲು ಆರಿಸಿ ತಂದು ಕೆರಗಳ ಸಾಲಿನಲ್ಲೇ ಇಡಬೇಕು. ಹೊರಗೆ ಬಂದವರು ತಮ್ಮ ಕೆರ ಮೆಟ್ಟಿಕೊಳ್ಳುತ್ತಾರೆ, ಕಲ್ಲು ಇಟ್ಟವರು ಅದನ್ನು ಹೊಳೆಗೆ ಎಸೆಯುತ್ತಾರೆ. ಮಂದಿ ಇದನ್ನು ಗವಿಯ ದೇವರ ಮಡಿ ಎಂದುಕೊಂಡು ಕೈಮುಗಿಯುತ್ತಾರೆ. ಬೀರವ್ವ ನಗುತ್ತಾಳೆ, ಬೇಡವೆನ್ನುವುದಿಲ್ಲ.

"ನನಗ ಇಪ್ಪತ್ತರ ಮ್ಯಾಲ ಎಣಸಾಕ ಬರೂದಿಲ್ರಿ," ಎನ್ನುತ್ತಾಳೆ. "ಎಣಸೂ ಗರಜೂ ಇಲ್ಲ. ಬಾಯಾಗ ಏನರ ಉಳದಿದ್ರ, ಒಳಗ ಯಾರೋ ಉಳದಾರ ಅಂತ ತಿಳೀತೈತಿ."

ಇದು ಕುರಿ ಕಾಯುವವರ ಮಗಳ ಬುದ್ಧಿ. ಅವಳ ಅಪ್ಪ ಬೆಳಿಗ್ಗೆ ಕುರಿ ಹೊರಬೀಳುವಾಗ ಒಂದೊಂದಕ್ಕೂ ಒಂದೊಂದು ಹರಳನ್ನು ಚೀಲಕ್ಕೆ ಹಾಕಿ, ಸಂಜೆ ಹಟ್ಟಿ ಹೊಗುವಾಗ ಒಂದೊಂದನ್ನೇ ತೆಗೆಯುತ್ತಿದ್ದ. ಮದುವೆಯಾಗಿ ಹೊಳೆಯ ಈ ದಂಡೆಗೆ ಬಂದವಳಿಗೆ ಗವಿಯ ಪರಿಚಯವಾದದ್ದು ಮಾತ್ರ ಸಂಕಟದಲ್ಲಿ. ಹನ್ನೆರಡು ವರ್ಷದ ಹಿಂದೆ ಗಂಟುಬ್ಯಾನಿ, ಅಂದರೆ ಪ್ಲೇಗು, ಊರನ್ನು ಹೊಕ್ಕಿತು. ಜನ ಮನೆಗಳಿಗೆ ಮುಳ್ಳು ಬಡಿದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸನ್ನು ಯಾರೂ ಹತ್ತಿರ ಸೇರಿಸಲಿಲ್ಲ. ಅವಳು ಆರು ಆಡು ಹೊಡೆದುಕೊಂಡು ಬಂದು ಐದು ತಿಂಗಳು ಈ ಗವಿಯಲ್ಲೇ ಇದ್ದಳು. ಎಣ್ಣೆ ಇಲ್ಲದ ದಿನ ಗೋಡೆ ತಡವಿಕೊಂಡೇ ತಿರುಗಾಡಿದಳು. ಯಾವ ಸಂದು ಎಲ್ಲಿ ಮುಗಿಯುತ್ತದೆ, ಯಾವ ಮೂಲೆಯಲ್ಲಿ ನೀರಿನ ಸದ್ದು ಮಾತನ್ನು ನುಂಗುತ್ತದೆ ಎನ್ನುವುದು ಅವಳ ಅಂಗಾಲಿಗೆ ಗೊತ್ತು. ಊರು ದೂರ ತಳ್ಳಿದ್ದಕ್ಕೆ ಸಿಕ್ಕ ವಿದ್ಯೆ ಇದು, ಇಂದು ಅದೇ ಊರಿನವರು ನೆಂಟರನ್ನು ಕರೆತಂದು "ನಮ್ಮ ಬೀರವ್ವ" ಎನ್ನುತ್ತಾರೆ.

ಈ ಬದುಕಿಗೆ ಕಲ್ಲು ಬೀಳುವುದರಲ್ಲಿದ್ದದ್ದು ಹೋದ ವರ್ಷ, ಅಂದರೆ ೧೯೧೧ರಲ್ಲಿ. ಎಲ್ಲೋ ದೂರದ ಗುಡ್ಡದ ಗುಹೆಯಲ್ಲಿ ಯಾರೋ ದಾರಿ ತಪ್ಪಿ ಸತ್ತರಂತೆ. ಇಲ್ಲಿಯ ಹಾಲಗವಿಗೂ ಗೋಡೆ ಕಟ್ಟಿ ಮುಚ್ಚುವುದೆಂದು ಸರಕಾರದವರಲ್ಲಿ ಮಾತು ಎದ್ದಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಬುದ್ಧಿ, ಅದೂ ಪಕ್ಕದ ಮನೆಯವನ ನೆಗಡಿಗೆ. ಗೋಡೆಗೆ ಬೇಕಾದ ಕಲ್ಲು ಬಂದು ಗವಿಯ ಮುಂದೆ ರಾಶಿ ಬಿದ್ದಿತು. ಕೊನೆಯ ಮಾತು ಹೇಳಲು ದೊಡ್ಡ ಸಾಹೇಬರೊಬ್ಬರು ತಾವೇ ಬಂದರು.

ಅವರ ಜೊತೆ ಹನ್ನೆರಡು ಮಂದಿ ಎಂದು ಕಾರಕೂನ ರಾಯಪ್ಪನ ಕೈಯಲ್ಲಿ ಪಟ್ಟಿ ಇತ್ತು. ಸಾಹೇಬರ ಹೆಸರು ಎಲ್ಲಕ್ಕಿಂತ ಮೇಲೆ. ಬೂಟು ಬಿಚ್ಚಬೇಕೆಂದಾಗ ರಾಯಪ್ಪ ಗೊಣಗಿದ, ಸಾಹೇಬರು ಬಿಚ್ಚಿದ್ದರಿಂದ ಅವನೂ ಬಿಚ್ಚಿದ. ಸದಾ ಎಲ್ಲರ ಹಿಂದೆ ಬರುವುದು ಬೀರವ್ವನ ಪದ್ಧತಿ. ಅಂದು ಸಾಹೇಬರು ಕೇಳುವ ಪ್ರಶ್ನೆಗಳು ಬಹಳ ಇದ್ದವು, ಹೋಗುವಾಗಲೂ ಬರುವಾಗಲೂ ಅವಳನ್ನು ಮುಂದೆಯೇ ನಡೆಸಿದರು. ಒಂದು ದೀವಟಿಗೆ ಉರಿದು ಮುಗಿಯುವಷ್ಟರಲ್ಲಿ ಎಲ್ಲರೂ ಹೊರಗೆ ಬಂದರು. ರಾಯಪ್ಪ ಪಟ್ಟಿ ಓದಿದ, ಹದಿಮೂರು ಹೆಸರಿಗೆ ಹದಿಮೂರು ತಲೆ ಸರಿಹೋಯಿತು. ಸಾಹೇಬರ ಮುಖ ಅರಳಿತ್ತು. ಇಷ್ಟು ಚೆಂದದ ಜಾಗ, ಇಷ್ಟು ಸುರಕ್ಷಿತ, ಗೋಡೆ ಯಾಕೆ ಎಂದು ಅವರೇ ಹೇಳಿ ಮಸಿಯ ದೌತಿಗೆ ಲೇಖನಿ ಅದ್ದಿದರು.

ಆಗ ಬೀರವ್ವನ ಕಣ್ಣು ನೆಲಕ್ಕೆ ಬಿತ್ತು. ಹದಿಮೂರು ಜೊತೆ ಕೆರಗಳೂ ಕಾಲು ಸೇರಿದ್ದವು. ಅವು ಇದ್ದ ಸಾಲಿನ ತುದಿಯಲ್ಲಿ ಒಂದು ಗುಂಡುಕಲ್ಲು ಉಳಿದಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೆಲಸ ಆಗಿಹೋಗುತ್ತಿತ್ತು. ಸಾಹೇಬರು ಹೊರಟ ಮೇಲೆ ಒಳಗಿದ್ದವರನ್ನು ಸದ್ದಿಲ್ಲದೆ ಕರೆತರಬಹುದಿತ್ತು. ಒಬ್ಬರು ಒಳಗೆ ಉಳಿದಿದ್ದಾರೆಂದು ಬಾಯಿ ಬಿಟ್ಟರೆ, ಗವಿ ಅಪಾಯದ್ದೆಂದು ಅವಳೇ ಸಾಕ್ಷಿ ಹೇಳಿದಂತೆ. ಆದರೆ ಕತ್ತಲಲ್ಲಿ ಕುಳಿತವರಿಗೆ ಒಂದು ಗಳಿಗೆಯೂ ಒಂದು ದಿನವೆಂದು, ಐದು ತಿಂಗಳು ಅಲ್ಲಿ ಕಳೆದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಸಹಿ ತಡೀರಿ ಸಾಹೇಬ್ರ. ಒಳಗ ಇನ್ನೊಬ್ರು ಅದಾರ," ಎಂದಳು.

ಪಟ್ಟಿ ಸರಿಯಾಗಿದೆ ಎಂದು ರಾಯಪ್ಪ ಕಾಗದ ಝಾಡಿಸಿದ. ಅವಳು ಕಲ್ಲು ತೋರಿಸಿದಳು. ಹೊಳೆದಂಡೆಯಲ್ಲಿ ಕಲ್ಲಿಗೇನು ಬರ ಎಂದು ಅವನು ನಕ್ಕ, ನಾಲ್ಕು ಜನ ಅವನೊಂದಿಗೆ ನಕ್ಕರು.

"ಈ ಕಲ್ಲು ತಾನಾಗಿ ನಡಕೊಂತ ಬಂದಿಲ್ರಿ. ಯಾರೋ ಇದನ್ನ ಇಟ್ಟು ಒಳಗ ಹೋಗ್ಯಾರ."

ಉತ್ತರಕ್ಕೆ ಕಾಯದೆ ಹೊಸ ದೀವಟಿಗೆ ಹೊತ್ತಿಸಿಕೊಂಡು ಒಳಗೆ ನಡೆದಳು. ಸಾಹೇಬರು ಲೇಖನಿ ಕೆಳಗಿಟ್ಟರು. ಹೊರಗಿದ್ದವರಿಗೆ ಆ ಹೊತ್ತು ಬಹಳ ಉದ್ದವಾಯಿತು. ದೀವಟಿಗೆ ಅರ್ಧ ಉರಿಯುವಷ್ಟರಲ್ಲಿ ಬೀರವ್ವ ಒಬ್ಬ ಮುದುಕನ ಕೈಹಿಡಿದು ಬಂದಳು. ಸಾಹೇಬರ ಕುಡಿಯುವ ನೀರಿನ ಕೊಡ ಹೊರುವ ದುಂಡಪ್ಪ ಅವನು. ಕೊಡ ಇನ್ನೂ ಹೆಗಲ ಮೇಲಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಹೆಗಲು ಬದಲಿಸಲು ಒಂದು ಸಂದಿನಲ್ಲಿ ನಿಂತಾಗ ಬೆಳಕು ಮುಂದೆ ಹೋಗಿಬಿಟ್ಟಿತ್ತು. ಬೆಳಕು ತಪ್ಪಿದರೆ ಇದ್ದಲ್ಲೇ ಕುಳಿತುಬಿಡಬೇಕೆಂದು ಬೀರವ್ವ ಗವಿಯ ಬಾಯಲ್ಲೇ ಎಲ್ಲರಿಗೂ ಹೇಳಿದ್ದಳು, ಅವನು ಹಾಗೆಯೇ ಮಾಡಿದ್ದ. ಕೂಗಬಾರದಿತ್ತೇ ಎಂದು ಸಾಹೇಬರು ಕೇಳಿದರು.

"ನೀವು ಮಾತಾಡಾಕ ಹತ್ತಿದ್ರಿ, ನಡುವ ಹೆಂಗ ಒದರಲಿ?" ಎಂದ ದುಂಡಪ್ಪ.

ದುಂಡಪ್ಪ ತನ್ನ ಕಲ್ಲನ್ನೆತ್ತಿ ಹೊಳೆಗೆ ಎಸೆದ ಮೇಲೆ ಸಾಹೇಬರು ರಾಯಪ್ಪನಿಂದ ಪಟ್ಟಿ ತರಿಸಿ, ಅದರ ತುದಿಗೆ ತಮ್ಮ ಕೈಯಾರೆ ದುಂಡಪ್ಪನ ಹೆಸರು ಸೇರಿಸಿದರು. ಬಳಿಕ ಬೇರೆ ಕಾಗದದಲ್ಲಿ ಬರೆದದ್ದು ಎರಡೇ ಸಾಲು: ಹಾಲಗವಿಗೆ ಗೋಡೆ ಬೇಡ, ಬೀರವ್ವ ಅದರ ಬಾಯಲ್ಲಿ ನಿಲ್ಲದೆ ಯಾರೂ ಒಳಗೆ ಹೋಗಕೂಡದು. ಆಚೆ ದಂಡೆಗೆ ಸುದ್ದಿ ಒಯ್ದ ಮುದಕಪ್ಪ ಹರಗೋಲನ್ನು ಗಿರಗಿರನೆ ನಾಲ್ಕು ಸುತ್ತು ತಿರುಗಿಸಿದನಂತೆ. ಆ ಖುಷಿಯಲ್ಲಿ ಸಾಹೇಬರ ಇಬ್ಬರು ಜವಾನರು ತೋಯ್ದು ತೊಪ್ಪೆಯಾದರು.

ಗೋಡೆಗೆಂದು ಬಂದ ಕಲ್ಲು ವಾಪಸು ಹೋಗಲಿಲ್ಲ. ಊರವರು ಅದರಲ್ಲೇ ಗವಿಯ ಬಾಯಿಗೆ ಅಗಲವಾದ ಕಟ್ಟೆ ಕಟ್ಟಿಕೊಟ್ಟಿದ್ದಾರೆ. ಈ ಸಂಕ್ರಾಂತಿಯಲ್ಲಿ ಕಿತ್ತೂರಿನ ವರ್ತಕರ ಜರಿಯ ಜೋಡು, ಸಿರಸಂಗಿಯ ರೈತನ ಕಿರ್‍ರೆನ್ನುವ ಕೆರ, ಬರಿಗಾಲ ಕೂಲಿಯವಳ ಕಲ್ಲು ಆ ಕಟ್ಟೆಯ ಮೇಲೆ ಒಂದೇ ಸಾಲಿನಲ್ಲಿ ಕುಳಿತಿವೆ. ನಡುವೆ ಒಂದು ಜೊತೆ ಕರಿಯ ಬೂಟು. ಹೆಂಡತಿ ಮಕ್ಕಳಿಗೆ ಗವಿ ತೋರಿಸಲು ರಾಯಪ್ಪ ಬಂದಿದ್ದಾನೆ, ಈ ಸಲ ಯಾರೂ ಹೇಳದೆಯೇ ಬಿಚ್ಚಿದ್ದಾನೆ.

ಹೊತ್ತು ಇಳಿಯುತ್ತದೆ. ಆ ಬೂಟುಗಳು ಕಾಲು ಸೇರುತ್ತವೆ, ಕೊನೆಯ ಕಲ್ಲು ಹೊಳೆಗೆ ಬೀಳುತ್ತದೆ. ಬೀರವ್ವ ಕಟ್ಟೆಯನ್ನು ಸೆರಗಿನಿಂದ ಒರೆಸುತ್ತಾಳೆ. ಇನ್ನೇನು ಬೇಕು ನಿನಗೆ ಎಂದು ಕೇಳಿದರೆ, ಆಸೆಯ ಮಾತಿಗೆ ನಾಚಿಕೊಂಡವಳಂತೆ ಹೊಳೆಯ ಕಡೆ ತಿರುಗುತ್ತಾಳೆ.

"ಏನೂ ಬ್ಯಾಡ್ರಿ," ಎನ್ನುತ್ತಾಳೆ. "ನಾ ಇರೂತನಕ ದಿನಾ ಸಂಜೀಕ ಈ ಕಟ್ಟಿ ಹಿಂಗ ಖಾಲಿ ಇರಲಿ. ಅಷ್ಟ ಸಾಕು."