ಬೇಳೆ ಬೇಯದ ನೀರು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಸಂಪು ತೊಳೆಯಲು ಜನ ಬಂದಿದ್ದರು. ತೊಳೆದಾದ ಮೇಲೆ ಬ್ಲೀಚಿಂಗ್ ಪೌಡರ್ ಸುರಿದರು. ಆ ಘಾಟು ಮೆಟ್ಟಿಲು ಹತ್ತಿ ನಮ್ಮ ಅಡುಗೆಮನೆಯವರೆಗೂ ಬಂತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಿದೆ. ನಲವತ್ತು ವರ್ಷಕ್ಕೂ ಹಿಂದೆ, ಇದೇ ತುಮಕೂರಿನಲ್ಲಿ, ಒಂದು ಬಾವಿಗೆ ಈ ಪುಡಿ ಸುರಿಯುವುದನ್ನು ನಿಂತು ನೋಡಿದ್ದೆ. ಸುರಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು...

ಅವಳನ್ನು ನಾವು ಗುಬ್ಬಿ ಟೀಚರ್ ಎನ್ನುತ್ತಿದ್ದೆವು.

ಎಂಬತ್ತರ ದಶಕದ ಆರಂಭ. ಆಗಿನ್ನೂ ಅಪಾರ್ಟ್‌ಮೆಂಟ್ ಎಂಬ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಮಹಡಿ ಇದ್ದದ್ದು ನಾವಿದ್ದ ಕಟ್ಟಡಕ್ಕೆ ಮಾತ್ರ. ಎಲ್ಲರೂ ಅದನ್ನು ‘ಬಿಲ್ಡಿಂಗು’ ಎನ್ನುತ್ತಿದ್ದರು. ಕೆಳಗೆ ಎರಡು ಮನೆ, ಮೇಲೆ ಎರಡು. ಕೆಳಗಿನ ಒಂದರಲ್ಲಿ ನಾವು, ಇನ್ನೊಂದರಲ್ಲಿ ಓನರ್ ತುಂಬಿಸಿಟ್ಟ ಕೊಬ್ಬರಿ ಮೂಟೆಗಳು. ಮೇಲಿನ ಒಂದರಲ್ಲಿ ಹೋಟೆಲಿನಲ್ಲೇ ಉಂಡು ಮಲಗಲು ಮಾತ್ರ ಬರುತ್ತಿದ್ದ ಇಬ್ಬರು ಬ್ರಹ್ಮಚಾರಿಗಳು. ಇನ್ನೊಂದು ಖಾಲಿ ಬಿದ್ದಿತ್ತು.

ಆ ಮನೆಯಲ್ಲಿದ್ದವರಿಗೆ ಏನಾಯಿತೆಂಬುದು ಓನರ್ ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಮುಂಚೆ ಅಲ್ಲಿದ್ದವರು ತಿಪಟೂರಿಗೆ ಹೋದ ಮೇಲೆ ನನಗೊಂದು ಕಾರ್ಡು ಬರೆದಿದ್ದರು. ಅಪ್ಪ, ಮಗ ಇಬ್ಬರಿಗೂ ಕಾಮಾಲೆ ಆಗಿದೆ, ಡಾಕ್ಟರು ನೀರಿನಿಂದಲೇ ಬಂದದ್ದು ಅಂದಿದ್ದಾರೆ, ನೀವು ಆ ನೀರು ಕುಡಿಯಬೇಡಿ ಎಂದಿತ್ತು. ಹಿತ್ತಲ ಬಾವಿಗೆ ಮೋಟಾರು ಹಾಕಿ ತಾರಸಿಯ ಟ್ಯಾಂಕಿಗೆ ನೀರು ಏರಿಸುತ್ತಿದ್ದರು. ಬಾವಿಗೆ ಹತ್ತಿರದಲ್ಲೇ ಬಟ್ಟೆ ಒಗೆಯುವ ಕಲ್ಲು, ಆ ಕಲ್ಲಿನ ಕೆಳಗೆ ಪಾಯಿಖಾನೆ ಗುಂಡಿ. ಮೇಲೆ ಗಾರೆ ಬಳಿದಿದ್ದರಿಂದ ಹೊಸಬರಿಗೆ ಗುಂಡಿ ಇರುವುದೇ ತಿಳಿಯುತ್ತಿರಲಿಲ್ಲ.

ಕಾರ್ಡನ್ನು ಓನರ್‌ಗೆ ತೋರಿಸಿದೆ. ಅವರು ಓದಿ ಜೇಬಿಗೆ ಇಟ್ಟುಕೊಂಡರು.

“ಮಳೆಗಾಲ ಕಳೀಲಿ ತಾಯಿ, ಸರಿ ಮಾಡಿಸ್ತೀನಿ. ನಿಮ್ಮ ನಾದಿನಿ ವಿಷಯ ನಾನು ಯಾರ ಹತ್ರನಾದ್ರೂ ಆಡಿದೀನಾ? ಹಂಗೇ ಇದೂನೂ ನಮ್ಮಲ್ಲೇ ಇರ್ಲಿ” ಎಂದರು.

ನನ್ನ ನಾದಿನಿಗೆ ಬುದ್ಧಿ ಸ್ತಿಮಿತದಲ್ಲಿರಲಿಲ್ಲ. ಹೊತ್ತಿಲ್ಲದ ಹೊತ್ತಿನಲ್ಲಿ ಕಿರುಚುತ್ತಿದ್ದಳು. ಅವಳ ಸಲುವಾಗಿ ಎರಡು ವರ್ಷದಲ್ಲಿ ಮೂರು ಮನೆ ಖಾಲಿ ಮಾಡಿದ್ದೆವು. ಕೊನೆಯ ಸಲವಂತೂ ಸಾಮಾನನ್ನೆಲ್ಲ ಬೀದಿಗೆ ಇಟ್ಟಿದ್ದರು. ಇನ್ನೊಂದು ಮನೆ ಹುಡುಕುವ ಶಕ್ತಿ ನನ್ನ ಯಜಮಾನರಲ್ಲಿ ಉಳಿದಿರಲಿಲ್ಲ. ನಾನು ಕಾರ್ಡಿನ ಮಾತು ನುಂಗಿಕೊಂಡೆ. ಮಾರನೆಯ ದಿನದಿಂದ ಕುಡಿಯುವ ನೀರನ್ನು ಪಕ್ಕದ ಬೀದಿಯ ಬೋರ್‌ವೆಲ್ಲಿನಿಂದ ಹೊತ್ತು ತರತೊಡಗಿದೆ.

ಹೀಗಿರುವಾಗ ಅವಳು ಬಂದಳು. ಗುಬ್ಬಿಯ ಶಾಲೆಯಿಂದ ತುಮಕೂರಿಗೆ ವರ್ಗವಾಗಿತ್ತು. ಗಂಡನಿಗೆ ಕುಣಿಗಲ್ಲಿನಲ್ಲಿ ಗುಮಾಸ್ತೆ ಕೆಲಸ. ಶನಿವಾರ ಬಂದು ಸೋಮವಾರ ಹೋಗುವವನು. ವಾರವೆಲ್ಲ ಒಬ್ಬಳೇ ಇರಬೇಕು, ಮೇಲಾಗಿ ನಾಲ್ಕು ತಿಂಗಳ ಬಸುರಿ. ಹಾಗಾಗಿ ಮನೆಯನ್ನು ಅವಳು ನೋಡಿದ ಹಾಗೆ ಇನ್ಯಾರೂ ನೋಡಿದ್ದನ್ನು ನಾನು ಕಂಡಿಲ್ಲ. ಮೊದಲ ಸಲ ಬೆಳಿಗ್ಗೆ ಓನರ್ ಜೊತೆ ಬಂದು ಕಿಟಕಿ, ಬಾಗಿಲಿನ ಚಿಲಕಗಳನ್ನೆಲ್ಲ ಹಾಕಿ ತೆಗೆದಳು. ಎರಡನೆಯ ಸಲ ಮಧ್ಯಾಹ್ನ ಒಬ್ಬಳೇ ಬಂದು, ಹೆರಿಗೆ ಆಸ್ಪತ್ರೆಗೆ ಎಷ್ಟು ದೂರವೆಂದು ನಡೆದೇ ನೋಡಿ ಬಂದಳು. ಮತ್ತೊಂದು ದಿನ ದೀಪ ಹಚ್ಚುವ ಹೊತ್ತಿಗೆ ಬಂದು, ಬೀದಿ ದೀಪ ಉರಿಯುತ್ತದೆಯೇ, ಸಾರಾಯಿ ಅಂಗಡಿಯ ಗಲಾಟೆ ಇಲ್ಲಿಯವರೆಗೆ ಕೇಳುತ್ತದೆಯೇ ಎಂದು ಮೂಲೆಯಲ್ಲಿ ನಿಂತಿದ್ದಳು. ಇಸ್ತ್ರಿಯವನನ್ನು, ಮೂಲೆ ಅಂಗಡಿಯವರನ್ನು, ಹಾಲಿನವಳನ್ನು ಒಬ್ಬೊಬ್ಬರನ್ನೇ ವಿಚಾರಿಸಿದಳು. ಬೀದಿ ಒಳ್ಳೆಯದು ಎಂದು ಎಲ್ಲರೂ ಹೇಳಿದರು. ನೀರಿನ ಮಾತು ಬಂದಾಗ ಹಾಲಿನವಳು ನನ್ನ ಬಾಗಿಲ ಕಡೆ ಕೈ ತೋರಿಸಿದಳು.

“ಬಿಲ್ಡಿಂಗ್ ಒಳಗಿಂದು ನಂಗೇನ್ ಗೊತ್ತವ್ವ, ಆ ಕೆಳಗಿನ ಮನೆ ಅಮ್ಮನ್ನ ಕೇಳು, ಸುಳ್ಳು ಹೇಳೋರಲ್ಲ.”

ಹಾಗೆ, ಬೋರ್‌ವೆಲ್ಲಿನಿಂದ ನೀರು ಹೊತ್ತು ಬರುತ್ತಿದ್ದ ನನ್ನ ಹಿಂದೆಯೇ ಅವಳು ಬಾಗಿಲಿಗೆ ಬಂದಳು. ಸಣ್ಣ ಮೈಕಟ್ಟು, ಹೆಗಲಲ್ಲಿ ಬಟ್ಟೆಯ ಚೀಲ, ರೈಲಿನ ಧೂಳು ಹಿಡಿದ ಸೀರೆಯಂಚು. ಅದೇ ಹೊತ್ತಿಗೆ ಒಳಗೆ ನಾದಿನಿ ಕಿರುಚಿದಳು. ಇನ್ನು ಇವಳು ತಿರುಗಿ ನೋಡದೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿ ಎಂದೇ ನಾದಿನಿಯ ಕಥೆಯನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ.

ಅವಳು ಹೋಗಲಿಲ್ಲ. “ಪಾಪ, ಅವರಿಗೂ ಒಂದು ಮನೆ ಅಂತ ಬೇಕಲ್ಲಕ್ಕ” ಎಂದಳು. ಆಮೇಲೆ ನನ್ನ ಕಂಕುಳಲ್ಲಿದ್ದ ಕೊಡವನ್ನು ನೋಡಿ, “ಅಲ್ಲ, ಮನೇಲೇ ನಲ್ಲಿ ಇದೆಯಲ್ಲ, ನೀವ್ಯಾಕೆ ಬೋರ್‌ವೆಲ್ ನೀರು ಹೊರ್ತೀರಾ?” ಎಂದು ಕೇಳಿದಳು.

ಗೇಟಿನ ಹತ್ತಿರ ಓನರ್ ನಿಂತಿದ್ದರು. ನಾನು ಅವರನ್ನೊಮ್ಮೆ ನೋಡಿದೆ.

“ನೀರು ಚೆನ್ನಾಗೇ ಇದೆ ಕಣಮ್ಮ. ಸ್ವಲ್ಪ ಗಡಸು. ಬೇಳೆ ಬೇಯಲ್ಲ, ಅಷ್ಟೇ.”

ಅವಳ ಮುಖ ಹಗುರವಾಯಿತು. “ಅಷ್ಟೇನಾ! ಬೇಳೆಗೆ ಚೂರು ಸೋಡಾ ಹಾಕಿದ್ರಾಯ್ತು” ಎಂದು ನಕ್ಕಳು. ಮುಂದಿನ ಭಾನುವಾರ ಎತ್ತಿನ ಗಾಡಿಯಲ್ಲಿ ಸಾಮಾನು ಬಂತು.

ಬಂದ ಮೇಲಾದರೂ ಹೇಳಬಹುದಿತ್ತು. ಪ್ರತಿದಿನ ಬೆಳಿಗ್ಗೆ ಹೇಳಬೇಕೆಂದುಕೊಳ್ಳುತ್ತಿದ್ದೆ. ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ... ಅದರ ಬದಲು ದಿನಕ್ಕೊಂದು ಕೊಡ ಬೋರ್‌ವೆಲ್ ನೀರನ್ನು ಅವಳಿಗೂ ಹೊತ್ತು ಮಹಡಿ ಹತ್ತಿಸತೊಡಗಿದೆ. ಬಸುರಿಗೆ ಬೇಳೆ ನುಣ್ಣಗೆ ಬೇಯಬೇಕು ಎಂದು ನೆಪ ಹೇಳುತ್ತಿದ್ದೆ. ಅವಳಿಗೆ ನಾಚಿಕೆಯಾಗುತ್ತಿತ್ತು. ಸಂಜೆ ಶಾಲೆಯಿಂದ ಬಂದವಳು ನಾದಿನಿಯ ತಲೆ ಬಾಚಿ ಜಡೆ ಹೆಣೆಯುತ್ತಿದ್ದಳು. ಯಾರು ಮುಟ್ಟಿದರೂ ಕೊಸರಾಡುತ್ತಿದ್ದ ನಾದಿನಿ ಅವಳ ಮುಂದೆ ಮಗುವಿನ ಹಾಗೆ ಕೂತಿರುತ್ತಿದ್ದಳು. ಅವಳಿದ್ದ ಮೂರು ತಿಂಗಳು ನಮ್ಮ ಮನೆಯಲ್ಲಿ ಕಿರುಚಾಟ ಎಷ್ಟೋ ಕಡಿಮೆಯಾಗಿತ್ತು.

ಮಳೆ ಜೋರಾದ ಒಂದು ವಾರ ನಾದಿನಿಗೆ ಜ್ವರ ಬಂದು, ಅವಳು ಹಿಡಿತಕ್ಕೇ ಸಿಗದಂತಾದಳು. ನಾನು ಮನೆ ಬಿಟ್ಟು ಕದಲುವಂತಿರಲಿಲ್ಲ. ನಮಗೆ ಬೇಕಾದ ಒಂದು ಕೊಡವನ್ನು ಯಜಮಾನರು ಹೇಗೋ ತಂದು ಹಾಕುತ್ತಿದ್ದರು. ಮೇಲಿನ ಮನೆಗೆ ನೀರು ಹೋಗಲಿಲ್ಲ. ಮೆಟ್ಟಿಲ ಮೇಲಿಂದಲೇ ಅವಳು ಹೇಳಿದಳು, “ನನ್ನ ಚಿಂತೆ ಬಿಡಿ ಅಕ್ಕ. ನಲ್ಲೀಲಿ ಬರುತ್ತಲ್ಲ. ಚೆನ್ನಾಗಿದೆ ಅಂತ ನೀವೇ ಅಂದ್ರಲ್ಲ.”

ನಾನು ಬಾಯಿ ತೆರೆದೆ. ಒಳಗಿಂದ ಏನೋ ಉರುಳಿಬಿದ್ದ ಸದ್ದಾಯಿತು. ಓಡಿಹೋದೆ.

ಆಮೇಲೆ ಒಂದು ತಿಂಗಳಾಗಿರಬೇಕು. ಊಟ ಸೇರುತ್ತಿಲ್ಲ, ಬಸುರಿನ ಸಂಕಟ ಮತ್ತೆ ಶುರುವಾಗಿದೆ ಎನ್ನುತ್ತಿದ್ದಳು. ಒಂದು ಸಂಜೆ ನಾದಿನಿಗೆ ಜಡೆ ಹಾಕುವಾಗ ಬಾಗಿಲ ಬೆಳಕಿಗೆ ಮುಖವೆತ್ತಿದಳು. ಕಣ್ಣಿನ ಬಿಳಿ ಅರಿಸಿನವಾಗಿತ್ತು. ನನಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು.

ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ರೆಪ್ಪೆ ಬಿಡಿಸಿ ನೋಡಿ, “ಕುಡಿಯೋ ನೀರು ಎಲ್ಲಿಂದಮ್ಮ?” ಎಂದರು.

“ಮನೆ ನಲ್ಲೀದು ಸಾರ್. ಒಳ್ಳೇ ನೀರು. ನಾನು ವಿಚಾರಿಸೇ ಬಂದಿದ್ದು” ಎಂದಳು ಅವಳು. ಹೇಳುವಾಗ ಹೌದಲ್ಲವೇ ಎನ್ನುವ ಹಾಗೆ ನನ್ನ ಕಡೆ ತಿರುಗಿದಳು. ನಾನು ಅವಳ ಚೀಲವನ್ನು ಎದೆಗೊತ್ತಿಕೊಂಡು ನೆಲ ನೋಡುತ್ತಿದ್ದೆ...

ಗಂಡ ಕುಣಿಗಲ್ ಕಡೆಯ ಯಾವುದೋ ಹಳ್ಳಿಯಿಂದ ಕಾಮಾಲೆಗೆ ಸೊಪ್ಪಿನ ಔಷಧಿ ತಂದ. ಆಸ್ಪತ್ರೆಯ ಗ್ಲೂಕೋಸು, ಅವನ ಸೊಪ್ಪಿನ ರಸ, ಎರಡೂ ನಡೆದವು. ಏಳು ತಿಂಗಳಿಗೇ ಹೆರಿಗೆಯಾಗಿ ಮಗು ಅಳಲೇ ಇಲ್ಲ. ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದು ಅವಳೂ ಹೋದಳು. ಆಮೇಲೆಯೇ ಆರೋಗ್ಯ ಇಲಾಖೆಯವರು ಬಂದು ಬಾವಿಗೆ ಪುಡಿ ಸುರಿದದ್ದು.

ಹದಿಮೂರನೆಯ ದಿನ ಕಳೆದು ಗಂಡ ಸಾಮಾನು ಒಯ್ಯಲು ಬಂದ. ಕೆನ್ನೆ ಒಳಕ್ಕೆ ಸರಿದಿತ್ತು. ಹೊರಡುವಾಗ ನನ್ನ ಮುಂದೆ ಬಂದು ಕೈ ಮುಗಿದ.

“ಅಕ್ಕಾ, ಕೆಳಗೆ ಅಕ್ಕ ಇದಾರೆ ಬಿಡಿ ಅಂತ ಅವ್ಳು ಯಾವಾಗ್ಲೂ ಅಂತಿದ್ಲು. ಆ ಧೈರ್ಯದ ಮೇಲೇ ಒಬ್ಳನ್ನೇ ಬಿಟ್ಟು ಹೋಗ್ತಿದ್ದೆ ನಾನು.”

ಅವನ ಕೈಗಳನ್ನು ಕೆಳಗಿಳಿಸಿದೆ. 

ಎರಡು ತಿಂಗಳ ಮೇಲೆ ಮನೆ ನೋಡಲು ಇನ್ನೊಂದು ಸಂಸಾರ ಬಂತು. ಆ ಹೆಂಗಸೂ ನೀರು ಹೇಗಿದೆ ಎಂದೇ ಕೇಳಿದಳು. ಓನರ್ ಗೇಟಿನಲ್ಲೇ ಇದ್ದರು. ಅವರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ, “ಈ ನೀರು ಕುಡಿದು ಮೇಲಿನ ಮನೆ ಟೀಚರು ಸತ್ತರು. ಬರಬೇಡಿ.” ಅವರು ಹಾಗೇ ತಿರುಗಿ ಹೋದರು. ಅಂದು ಸಂಜೆಯೇ ಓನರ್ ನನ್ನ ಯಜಮಾನರನ್ನು ಕರೆದು, ಒಂದನೇ ತಾರೀಖಿಗೆ ಮನೆ ಬಿಡಿ ಎಂದರು.

ಯಜಮಾನರು ಹುಡುಕಲು ಹೊರಟರು. ಎಂಟೇ ದಿನದಲ್ಲಿ ಮನೆ ಸಿಕ್ಕಿತು. ಊರ ಹೊರಗೆ, ತೋಟದ ಪಕ್ಕದ ಎರಡು ಕೋಣೆ. ಸುತ್ತ ಮನೆಗಳಿರಲಿಲ್ಲ, ನಾದಿನಿ ಕಿರುಚಿದರೂ ಕೇಳುವವರಿಲ್ಲ. ಆ ಮನೆಯವರು ನಾದಿನಿಯ ವಿಷಯ ತಿಳಿದೇ, ಇರಲಿ ಬನ್ನಿ ಎಂದಿದ್ದರು. ಹದಿನಾರು ವರ್ಷ ಅಲ್ಲಿದ್ದೆವು. ನಾದಿನಿ ಕೊನೆಯುಸಿರೆಳೆದದ್ದೂ ಅಲ್ಲೇ.

ಎಲ್ಲಿಯೂ ಸಿಗುವುದಿಲ್ಲ ಎಂದು ನಾನು ನಂಬಿಕೊಂಡಿದ್ದ ಮನೆ ಅದು. ಎಂಟು ದಿನ ತಿರುಗಿದ್ದರೆ ಮೊದಲೇ ಸಿಗುತ್ತಿತ್ತು.

ಈಗ ಆ ಬಿಲ್ಡಿಂಗಿಲ್ಲ. ಓನರ್ ಇಲ್ಲ, ನನ್ನ ಯಜಮಾನರೂ ಇಲ್ಲ. ಅವಳ ಗಂಡ ಮಾತ್ರ ಇದ್ದಾನಂತೆ. ಮತ್ತೆ ಮದುವೆಯಾಗಲಿಲ್ಲ, ಕುಣಿಗಲ್ಲಿನಲ್ಲಿ ತಂಗಿಯ ಮನೆಯಲ್ಲಿದ್ದಾನೆ ಎಂದು ಯಾರೋ ಹೇಳಿದರು. ಇಲ್ಲಿಂದ ಕುಣಿಗಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೋಗಿ ಅವನೆದುರು ಕೂತು ಇದನ್ನೆಲ್ಲ ಹೇಳಬೇಕೆಂದು ಎರಡು ಸಲ ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದೆ. ಕಂಡಕ್ಟರು, “ಹತ್ತಮ್ಮ, ಸೀಟಿದೆ” ಎಂದು ಕರೆಯುತ್ತಿದ್ದ. ಎರಡು ಸಲವೂ ವಾಪಸು ಬಂದೆ. ಮಂಡಿ ನೋವು ಈಗ ನನ್ನನ್ನು ಗೇಟು ದಾಟಲೂ ಬಿಡುವುದಿಲ್ಲ. ನಾನು ಇನ್ನು ಹೋಗುವುದಿಲ್ಲ.