ಲೂಪಿನೊಳಗೆ ಲೂಪು ಬೇಡವೆಂದ ಸರ್

ಮೊನ್ನೆ ಮೊಮ್ಮಗಳ ಕಂಪ್ಯೂಟರಿನಲ್ಲಿ ಪೈಥಾನ್ ಪ್ರೋಗ್ರಾಮಿನ ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಸರಿಯುತ್ತಾ ಹೋಗಿದ್ದನ್ನು ಕಂಡೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಂದು ಲೂಪು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು… ನಾನು ಅದನ್ನು ಗುರುತಿಸಿದ್ದಕ್ಕೆ ನೀವು ಮಕ್ಕಳೆಲ್ಲ ನಕ್ಕಿರಿ. ಆಗ ಹೇಳಲಾಗಲಿಲ್ಲ, ಬರೆಯುತ್ತಿದ್ದೇನೆ.

ಅವು ತೆಲಂಗಾಣ ಚಳವಳಿಯ ವರ್ಷಗಳು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಜಹೀರಾಬಾದಿನ ಮನೆಯ ಮುಂದಿನ ಕೋಣೆಯನ್ನು ಒಬ್ಬ ಕಂಪ್ಯೂಟರ್ ಸರ್‌ಗೆ ಬಾಡಿಗೆಗೆ ಕೊಟ್ಟಿದ್ದೆ. ನಾರಾಯಣಖೇಡ್ ಕಡೆಯವರು; ಹಿಂದೆಮುಂದೆ ಯಾರೂ ಇರಲಿಲ್ಲ. ಆ ಕೋಣೆಯಲ್ಲೇ ಊರ ಹುಡುಗರಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು. ಬಾಗಿಲ ಮರೆಯಲ್ಲಿ ಕೂತು ಅವರ ಪಾಠ ಕೇಳುತ್ತಿದ್ದೆನೇ ಹೊರತು, ಎದುರು ನಿಂತು ಮಾತಾಡಿದವಳಲ್ಲ.

"ಏ ಶಾಣ್ಯಾ, ನಿನ್ ಪ್ರೋಗ್ರಾಮ್ ಬಲಕ್ಕ ಸರಕೋತ ಸರಕೋತ ತಾಂಡೂರ್ ಮುಟ್ಟ್ಯಾದ ನೋಡು!" ಎಂದು ಒಮ್ಮೆ ನಿಮ್ಮ ಅಪ್ಪನನ್ನೇ ಗದರಿದ್ದರು. "ಒಂದೊಂದ್ ಹೆಸರಿಗೂ ಎಲ್ಲಾ ಪಟ್ಟಿ ಯಾಕ ತಿರುವಿ ಹಾಕ್ತೀ? ಒಂದೇ ಸಲ ಎಲ್ಲಾ ಕೂಡಿಸಿಟ್ಕೋ. ಆಮ್ಯಾಲ ಬರೇ ಕೇಳು."

ಒಂದು ಬಂದ್ ದಿನ ಮೆರವಣಿಗೆಗೆ ಹೋದ ಹುಡುಗರು ಮಧ್ಯಾಹ್ನವಾದರೂ ಬರಲಿಲ್ಲ. ನಿಮ್ಮ ಅಪ್ಪನೂ ಅವರಲ್ಲಿದ್ದ. ಬಜಾರಿನಲ್ಲಿ ಬಸ್ಸು ಉರಿಯುತ್ತಿತ್ತು. ಪೊಲೀಸರು ಲಾಠಿ ಬೀಸುತ್ತಿದ್ದರು. ಕಲ್ಲುಗಳು ಯಾವ ದಿಕ್ಕಿನಿಂದ ಬರುತ್ತಿದ್ದವೋ ತಿಳಿಯುತ್ತಿರಲಿಲ್ಲ. ಒಬ್ಬೊಬ್ಬ ತಂದೆಯೂ ತನ್ನ ಮಗನಿಗಾಗಿ ಠಾಣೆಗೆ, ಆಸ್ಪತ್ರೆಗೆ, ಹಿಡಿದವರನ್ನು ಕೂಡಿಹಾಕಿದ್ದ ಶಾಲೆಗೆ ಓಡುತ್ತಿದ್ದ. ಓಡುವಾಗಲೇ ಪೆಟ್ಟು ಬೀಳುತ್ತಿತ್ತು. ನನ್ನ ಮೈದುನ ಮೂರನೇ ಸುತ್ತಿಗೆ ಕಿವಿ ಹರಿದು, ಅಂಗಿಯೆಲ್ಲ ರಕ್ತವಾಗಿ ಬಂದು ಕಟ್ಟೆಯ ಮೇಲೆ ಕುಸಿದ.

ಸರ್ ಬಾಗಿಲಿಗೆ ಅಡ್ಡ ನಿಂತರು. "ಎಲ್ಲಾರೂ ಎಲ್ಲಾ ಕಡಿ ಓಡಬ್ಯಾಡ್ರಿ, ಸಾಯ್ತೀರಿ! ಒಂದ್ ಜಾಗಕ್ಕ ಒಬ್ಬರೇ ಹೋಗ್ರಿ. ಅಲ್ಲಿದ್ದ ಅಷ್ಟೂ ಮಂದಿ ಹೆಸರು ಬರ್ಕೊಂಡು ಬರ್ರಿ." ನನ್ನ ಕಡೆಗೆ ನೋಟುಬುಕ್ಕು ಚಾಚಿದರು. "ಅಕ್ಕಾರ, ನೀವು ಇಲ್ಲೇ ಕುಂತು ಎಲ್ಲಾ ಕೂಡಿಸ್ರಿ."

ಬಜಾರು ದಾಟಿ ಆಸ್ಪತ್ರೆಗೆ ಹೋಗಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಮೊದಲ ಬಾರಿ ನಾನು ಸರ್ ಮುಖವನ್ನು ನೇರವಾಗಿ ನೋಡಿದೆ, ನೀವಾದರೂ ಹೋಗಿ ಎಂಬಂತೆ. ಅವರು ಚಪ್ಪಲಿ ಮೆಟ್ಟಿ ಹೊರಟರು.

ಠಾಣೆಯ ಹೆಸರುಗಳು ಬಂದವು, ಶಾಲೆಯವೂ ಬಂದವು. "ನನ್ ಮಗಾ ಇದ್ದಾನೇನ್ರೀ?" ಎಂದು ಕೇಳಿದವರಿಗೆ ಬೆರಳಿಟ್ಟು ತೋರಿಸಿದೆ. ಯಾರೂ ಮತ್ತೆ ಅಲೆಯಬೇಕಾಗಲಿಲ್ಲ. ಕೊನೆಗೆ ಒಬ್ಬ ಆಟೋದವನು ಆಸ್ಪತ್ರೆಯ ಪಟ್ಟಿ ತಂದುಕೊಟ್ಟ. "ಸರ್ ಕೊಟ್ಟಾರ್ರಿ. ದಾರ್ಯಾಗ ಯಾರೋ ಬಿದ್ದಾರ, ಎಬ್ಬಿಸಿ ಬರ್ತೀನಿ ಅಂದ್ರು."

ಮೂರನೆಯ ಹೆಸರು ನಿಮ್ಮ ಅಪ್ಪನದು. ನೋಟುಬುಕ್ಕನ್ನು ಅಲ್ಲೇ ಬಿಸುಟು ಹಿಂದಿನ ಓಣಿಯಿಂದ ಸುತ್ತುಹಾಕಿ ಆಸ್ಪತ್ರೆಗೆ ಓಡಿದೆ. ಅವನ ತೋಳು ಮುರಿದಿತ್ತು, ಜೀವವಿತ್ತು.

ಎಲ್ಲರೂ ತಮ್ಮತಮ್ಮವರನ್ನು ಸೇರಿಕೊಂಡರು. ಸರ್ ಬಂದರೇ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಬಜಾರಿನಲ್ಲಿ, ಮುಚ್ಚಿದ ಅಂಗಡಿಗಳ ನಡುವಿನ ಸಂದಿಯಲ್ಲಿ ಸಿಕ್ಕರು, ತಲೆ ಒಡೆದು. ಬೇಗ ಎತ್ತಿಕೊಂಡು ಬಂದಿದ್ದರೆ ಉಳಿಯುತ್ತಿದ್ದರು ಎಂದರು ಡಾಕ್ಟರು…

ಈಗ ಮನೆಯಿಂದ ಯಾರು ಹೊರಟರೂ, ಬಂದರೇ, ಬಂದರೇ ಎಂದು ಕೇಳುತ್ತಲೇ ಇರುತ್ತೇನೆ. ನಿಮಗೆ ಬೇಸರವಾಗುತ್ತದೆ, ಗೊತ್ತು. ಕೇಳಬೇಕಾಗಿದ್ದ ದಿನ ನಾನು ಕೇಳಲಿಲ್ಲ, ಮಕ್ಕಳೇ.