ಕಂಪ್ಯೂಟರಿನೊಳಗೊಂದು ಕಂಪ್ಯೂಟರ್ ಕೂರಿಸಿದ ಮೇಡಂ

ನಮ್ಮ ಲ್ಯಾಬ್ ಮೇಡಂ ಅವರ ಬಲಗೈ ತೋರುಬೆರಳು ಅರ್ಧವೇ ಇತ್ತು. ಚಿಕ್ಕವರಿದ್ದಾಗ ತಮ್ಮೂರು ಇರಕಲ್ಲಗಡದ ಮನೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತ್ತಂತೆ. ಆ ಮೊಂಡು ಬೆರಳಿನಿಂದಲೇ ಅವರು ಕೀಲಿಮಣೆಯ ಮೇಲೆ ಟಕಟಕ ಬಡಿಯುತ್ತಿದ್ದರೆ, ಹತ್ತು ಬೆರಳಿದ್ದ ನಾವು ಹಿಂದೆ ಬೀಳುತ್ತಿದ್ದೆವು. ಯಾರಾದರೂ ಕನಿಕರದಿಂದ ನೋಡಿದರೆ, "ನನ್ನ ಕೈ ಏನ್ ನೋಡ್ತೀರಿ? ಸ್ಕ್ರೀನ್ ನೋಡ್ರಿ," ಎನ್ನುತ್ತಿದ್ದರು.

ನಾನು ಬೇವೂರಿನವಳು. ಯಲಬುರ್ಗಾದ ಕಾಲೇಜಿನಲ್ಲಿ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ಬೆಳಿಗ್ಗೆ ಎಮ್ಮೆ ಹಿಂಡಿ, ತಮ್ಮಂದಿರಿಗೆ ರೊಟ್ಟಿ ಕಟ್ಟಿಕೊಟ್ಟು ಬಸ್ಸು ಹಿಡಿಯುತ್ತಿದ್ದೆ. ಆ ವರ್ಷ ಯಾವುದೋ ಕಂಪನಿ ದಾನ ಕೊಟ್ಟ ಹೊಸ ಕಂಪ್ಯೂಟರುಗಳು ಬಂದವು. ಹಳೆಯವನ್ನು ಕೂಡಲೇ ಲಾರಿಗೆ ಹೇರಿ ಕಳಿಸಿಬಿಟ್ಟರು. ಆಮೇಲೆ ಗೊತ್ತಾಯಿತು, ಹೊಸವುಗಳ ಪ್ರೊಸೆಸರೇ ಬೇರೆ ಬಗೆಯದು. ಪರೀಕ್ಷೆಗೆ ಬೇಕಾದ ಸಾಫ್ಟ್‌ವೇರ್ ಅವುಗಳಲ್ಲಿ ಏಳಲೇ ಇಲ್ಲ.

ಕಂಪನಿಯ ಎಂಜಿನಿಯರ್ ಬಂದು ನೋಡಿ, "ಇದರಲ್ಲಿ ಆಗೋದಿಲ್ಲ. ಒಳಗಿನ ಆಪರೇಟಿಂಗ್ ಸಿಸ್ಟಂ ಬದಲಿಸಿದರೆ ಗ್ಯಾರಂಟಿ ಹೋಗುತ್ತೆ," ಎಂದು ಹೇಳಿ ಹೊರಟುಹೋದ. ಪ್ರಿನ್ಸಿಪಾಲರು ಲ್ಯಾಬಿಗೆ ಬಂದು, "ಪ್ರಾಕ್ಟಿಕಲ್ ಎಲ್ಲಾ ಕೊಪ್ಪಳದ ಕಾಲೇಜಿನಾಗ ಮಾಡಸೂಣು. ಹುಡುಗ್ರು ಅಲ್ಲಿಗೇ ಹೋಗ್ಲಿ," ಎಂದರು.

ಕೊಪ್ಪಳಕ್ಕೆ ಹೋದರೆ ಸಂಜೆ ನಮ್ಮೂರಿನ ಬಸ್ಸು ಸಿಗುವುದಿಲ್ಲ. ಹೊರಗೆ ಉಳಿಯಲು ಅಪ್ಪ ಬಿಡುವುದಿಲ್ಲ. ಪಕ್ಕದಲ್ಲಿದ್ದ ಗೆಳತಿ, "ನಂದು ಸಾಲಿ ಮುಗೀತವ್ವಾ," ಎಂದಳು.

ಮೇಡಂ ಎದ್ದು ನಿಂತರು. "ಎಲ್ಲಿಗೂ ಹೋಗೂದಿಲ್ರಿ ಸರ್. ಇಲ್ಲೇ ಮಾಡ್ತಾರ."

"ಎಂಜಿನಿಯರ್ ಆಗೂದಿಲ್ಲ ಅಂದಾನಲ್ರಿ?"

"ಆಗೂದಿಲ್ಲಂತ ಮಷಿನ್ ಹೇಳಬೇಕ್ರಿ. ಅಂವ ಯಾರ್ರಿ ಹೇಳಾಕ?"

ಹೊಸ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಮುಟ್ಟದೆ, ಅದರೊಳಗೆ ಬರೀ ಸಾಫ್ಟ್‌ವೇರಿನಿಂದ ಇನ್ನೊಂದು ಕಂಪ್ಯೂಟರ್ ಕಟ್ಟುವುದು ಅವರ ಉಪಾಯ. ವರ್ಚುವಲ್ ಮಷಿನ್ ಎಂದರೆ ಅದೇ. "ದೊಡ್ಡ ಮನಿಯೊಳಗ ಬ್ಯಾರೆ ಒಲಿ ಹೂಡಿದಂಗ," ಎಂದು ನಮಗೆ ತಿಳಿಸಿದರು.

ಮೊದಲು ಹಳೆಯ ಕಂಪ್ಯೂಟರುಗಳಲ್ಲಿದ್ದ ಆಪರೇಟಿಂಗ್ ಸಿಸ್ಟಂ ಅನ್ನೇ ಅದರಲ್ಲಿ ಹಾಕಿದರು. ಸ್ಕ್ರೀನ್ ಕಪ್ಪಗೇ ಉಳಿಯಿತು. ಹಳೆಯ ಪ್ರೊಸೆಸರಿನ ಭಾಷೆ ಹೊಸದಕ್ಕೆ ತಿಳಿಯುತ್ತಿರಲಿಲ್ಲ. ಆಗ ಒಂದೊಂದು ಆಜ್ಞೆಯನ್ನೂ ಅನುವಾದಿಸಿಕೊಡುವ ದಾರಿ ಹಿಡಿದರು. ಸಾಫ್ಟ್‌ವೇರ್ ಎದ್ದಿತು, ಆದರೆ ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಏನೂ ತೆರೆದಿರುತ್ತಿರಲಿಲ್ಲ. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, "ಸಾಕು ಬಿಡ್ರಿ ಇನ್ನ," ಎಂದರು.

"ಎದ್ದು ಕುಂತೈತ್ರಿ ಸರ್. ಓಡೂದೊಂದ ಬಾಕಿ ಐತಿ," ಎಂದರು ಮೇಡಂ, ತಲೆ ಎತ್ತದೆ.

ಕೊನೆಗೆ ಹೊಸ ಪ್ರೊಸೆಸರಿಗೆಂದೇ ತಯಾರಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅನ್ನು ಆ ಒಳಗಿನ ಕಂಪ್ಯೂಟರಿಗೆ ಹಾಕಿದರು. ನಮ್ಮ ಸಾಫ್ಟ್‌ವೇರಿನ ಮೂಲ ಕೋಡ್ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿತ್ತು. ಅದನ್ನು ಹೊಸ ಪ್ರೊಸೆಸರಿಗೆ ಒಗ್ಗುವಂತೆ ಮತ್ತೆ ಕಟ್ಟಲು ನಮ್ಮನ್ನೂ ಹಚ್ಚಿದರು. ಸ್ಕ್ರೀನ್ ತುಂಬ ತಪ್ಪುಗಳು ಬಂದವು. ಬೈದುಕೊಳ್ಳುತ್ತ, ಒಂದೊಂದೇ ಬಿಡಿಸಿದೆವು. ಒಂದು ಮಧ್ಯಾಹ್ನ ಗೆಳತಿಯ ಮಷಿನ್‌ನಲ್ಲಿ ಅದು ಚಕ್ಕನೆ ತೆರೆದುಕೊಂಡಿತು. ಲ್ಯಾಬಿನಲ್ಲಿ ಕೂಗೆದ್ದಿತು. ಮೇಡಂ ಮಾತ್ರ, "ಗದ್ಲ ಬ್ಯಾಡ. ಉಳದವ್ರದು ಏನಾತು?" ಎಂದರು.

ಪರೀಕ್ಷೆ ಯಲಬುರ್ಗಾದಲ್ಲೇ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು, "ಈ ಮಷಿನ್‌ನಾಗ ಇದು ಹೆಂಗ ಓಡಾಕತ್ತೈತ್ರಿ?" ಎಂದು ಬೆರಗಾದಾಗ ಪ್ರಿನ್ಸಿಪಾಲರೇ, "ನಮ್ಮ ಮೇಡಂ ಬಿಡಲಿಲ್ರಿ," ಎಂದರು. ಗೆಳತಿಯೂ ನಾನೂ ಪಾಸಾದೆವು.

ಈಗ ನಾನು ಗಂಗಾವತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಕಳೆದ ವರ್ಷ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ ಇರಕಲ್ಲಗಡಕ್ಕೆ ಹೋದೆ. ಅವರ ತಾಯಿ ಕಟ್ಟೆಯ ಮೇಲೆ ಕೂತಿದ್ದರು. ಅಳುತ್ತಲೇ ಅವರ ಕಾಲು ಮುಟ್ಟಿದೆ.

"ಯಾರವ್ವಾ ನೀನು?"

"ಮೇಡಂ ಕಡೆ ಕಲತಾಕಿರಿ."

"ಈಗೇನ್ ಮಾಡ್ತಿ?"

"ನಾನೂ ಕಲಸ್ತೀನ್ರಿ."

ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿದರು. ಅವರ ಕಣ್ಣಲ್ಲಿ ನೀರಿರಲಿಲ್ಲ.

"ಹಂಗಾರ ಇಲ್ಲಿ ಕುಂತು ಅಳಬ್ಯಾಡ. ಅಲ್ಲಿ ಹುಡುಗ್ಯಾರು ದಾರಿ ಕಾಯ್ತಿರ್ತಾರ, ನಡಿ."

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಲ್ಯಾಬಿನ ಬೀಗ ತೆಗೆದೆ.